ಒಂದು ಖಾಲಿ ಹೋಗ್ಯಾದ

ಬೀದರಿನ ಚಿದ್ರಿ ರಸ್ತೆ, ಮಧ್ಯಾಹ್ನ ಮೂರು.
ಬಕ್ಕಪ್ಪ ಮಾವನ ಹಿಂದಿನ ಖೋಲಿ.
ಗಾಳಿಗೆ ಮದ್ದಿನ ತೂಕ ತಪ್ಪುತ್ತದೆಂದು ಫ್ಯಾನು ಬಂದ್,
ಕಿಟಕಿಯೂ ಬಂದ್.
ಗೋಡೆಯ ಮೇಲೆ ಲೈಸೆನ್ಸು, ಅದರ ಪಕ್ಕ ತೀರಿಹೋದ ಅತ್ತೆ.
ಎರಡಕ್ಕೂ ಒಂದೇ ಅಂಗಡಿಯ ಚೌಕಟ್ಟು.

ಮೇಜಿಗೆ ಬೋಲ್ಟು ಬಿಗಿದ ನೀಲಿ ಪ್ರೆಸ್ಸು.
ಹಿಡಿಕೆ ಕೆಳಗೆ, ಹಿಡಿಕೆ ಮೇಲೆ,
ತಟ್ಟೆ ಒಂದೊಂದೇ ಮನೆ ತಿರುಗುತ್ತದೆ.
ಹಳೆಯ ಟಿಕಳಿ ಉದುರಿ, ಹೊಸದು ಕೂತು,
ಮುಂದಿನ ಮನೆಯಲ್ಲಿ ಮದ್ದು, ಅದರ ಮುಂದೆ ಸೀಸ,
ಕೊನೆಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ
ಟಕ್.
ಹೋದ ಭಾನುವಾರ ನಾನೇ ಹಾರಿಸಿ
ನಾನೇ ಬಗ್ಗಿ ಆರಿಸಿದ ಹಿತ್ತಾಳೆ
ಏನೂ ಆಗದವರ ಹಾಗೆ ಮತ್ತೆ ಸಾಲಿಗೆ ನಿಲ್ಲುತ್ತದೆ.

ನಲವತ್ತು ವರ್ಷ ಗುಂಡಿನ ಪಕ್ಕ ನಿಂತು
ಮಾವನ ಎಡಗಿವಿ ಪೂರ್ತಿ ಹೋಗಿದೆ;
ಬಲಗಿವಿ ಹಬ್ಬಕ್ಕೆ ಬರುವ ನೆಂಟ.
ನಾನು ಕೂತದ್ದು ಎಡಕ್ಕೆ.
ಬೇಕೆಂದೇ.

ಮೂರೂ ಇಪ್ಪತ್ತಕ್ಕೆ ಏರ್‌ಫೋರ್ಸಿನ ವಿಮಾನ
ನೆತ್ತಿಯ ಮೇಲೆ ತಗಡು ಹರಿದಂತೆ ಹೋಗುವಾಗ
ಹೇಳಿಬಿಟ್ಟೆ.
'ಮಾವ, ಇನ್ನ ನಾ ಹಾರ್ಸಲ್ಲ.
ಆ ಕರೀ ಚಕ್ರ ನೋಡಿದ್ರ
ಈಗ ಏನೂ ಅನ್ಸಲ್ಲ.'

ಮಾವ ಇತ್ತ ತಿರುಗಲಿಲ್ಲ.
ಟಕ್. ಟಕ್.
ಹೇಳಿದ ಪುಣ್ಯವೂ ಸಿಕ್ಕಿತು, ಕೇಳಿಸದ ಲಾಭವೂ ಸಿಕ್ಕಿತು
ಅಂದುಕೊಂಡು
ತಂಬಿಗೆ ಎತ್ತಿ ನೀರು ಕುಡಿದೆ.

ಇನ್ನೂರು ಮುಗಿದ ಮೇಲೆ
ಲುಂಗಿಗೆ ಕೈ ಒರೆಸಿಕೊಂಡು ಅಂದರು:
'ಒಂದು ಖಾಲಿ ಹೋಗ್ಯಾದ.'
ಯಾವುದು ಎಂದು ಬೆರಳಾಡಿಸಿ ಕೇಳಿದೆ.
'ಕೈಗಿ ಗೊತ್ತಾಗ್ಯಾದ. ಎಷ್ಟನೇದಂತ ಕೈ ಎಣಿಸಂಗಿಲ್ಲ.'

ಮದ್ದಿಲ್ಲದ ಕಾಡತೂಸು ಬಡಪಾಯಿಯಲ್ಲ.
ಟಿಕಳಿಯ ಕಿಡಿಯೊಂದೇ ನೂಕಿದ ಸೀಸ
ನಳಿಗೆಯ ನಡುವೆ ಹೋಗಿ ಕೂತುಬಿಡುತ್ತದೆ.
ಹಿಂದಿನಿಂದ ಬಂದದ್ದು ಅದಕ್ಕೆ ಬಡಿದರೆ
ನಳಿಗೆ, ಬೆರಳು, ಕಣ್ಣು,
ಯಾವುದು ಮೊದಲೆಂದು ಹೇಳಲಾಗದು.

ಓಣಿ ದಾಟಿ ರವೂಫ್ ಮಿಯಾರ ತಕ್ಕಡಿ ತಂದೆ.
ಬಿದ್ರಿ ಹೂಜಿಗೆ ಕೂರಿಸುವ ಬೆಳ್ಳಿ ಎಳೆ
ಕೂದಲಿನಷ್ಟಿದ್ದರೂ ಹಿಡಿಯುವ ತಕ್ಕಡಿ.
ನಮ್ಮ ಹಿತ್ತಾಳೆ ಮಾತ್ರ ನಾಲ್ಕು ಕಂಪನಿಯದು,
ಒಂದು ದಪ್ಪ ಒಂದು ತೆಳು.
ಮುಳ್ಳು ಪ್ರತಿ ಸಲವೂ ಬೇರೆ ಸಾಕ್ಷಿ ನುಡಿಯಿತು.

'ನೀ ಕೇಳು' ಅಂದರು ಮಾವ,
'ನನ್ ಕಿವಿ ನಂಬಬ್ಯಾಡ.'

ಕಿವಿಯ ಹತ್ತಿರ ಹಿಡಿದು ಒಂದೊಂದನ್ನೇ ಅಲುಗಿಸಿದೆ.
ಒಣಗಿದ ತೊಗರಿಕಾಯೊಳಗೆ ಕಾಳು ಆಡಿದಂತೆ
ಸಣ್ಣಗೆ, ಬಹಳ ಸಣ್ಣಗೆ, ಮದ್ದಿನ ಸದ್ದು.
ಮೂವತ್ತು. ಎಪ್ಪತ್ತು. ಕರೆಂಟು ಹೋಯಿತು.
ಕಿಟಕಿಯ ಸಂದಿಯಲ್ಲಿ ಬೆಳಕು ಕೆಂಪಾಯಿತು.
ಮಾವ ನನ್ನ ಕೈ ನೋಡುತ್ತಿರಲಿಲ್ಲ,
ಮುಖ ನೋಡುತ್ತಿದ್ದರು.

ನೂರಾ ಹದಿಮೂರು.
ಮತ್ತೆ ಅಲುಗಿಸಿದೆ.
ನನ್ನದೇ ನೆತ್ತರಿನ ಜೊಂಯ್ ಎಂಬ ಸದ್ದು ಬಿಟ್ಟರೆ
ಒಳಗೆ ಏನೂ ಇಲ್ಲ.

ಅಂಗೈ ಚಾಚಿ ತೆಗೆದುಕೊಂಡರು.
ಬೆರಳಲ್ಲಿ ಹೊರಳಿಸಿದರು, ಒಡೆಯಲಿಲ್ಲ,
ಅತ್ತೆಯ ಫೋಟೋದ ಕೆಳಗೆ ನೆಟ್ಟಗೆ ನಿಲ್ಲಿಸಿದರು.

'ಇಮಾನ ಹೋಗಾಗ ಆಗಿದ್ದು' ಅಂದರು.
'ಹಿಡಿಕಿ ಅರ್ಧಕ್ಕ ನಿಂತಿತ್ತು.'

ಸ್ಟೂಲಿನಿಂದ ಎದ್ದೆ.
ಏಳಬೇಕೋ ಕೂರಬೇಕೋ ತಿಳಿಯದೆ
ತಕ್ಕಡಿಯ ಸರಪಳಿ ಸುತ್ತತೊಡಗಿದೆ.

ಮಾವ ಡಬ್ಬಿಯನ್ನು ನನ್ನ ಕಡೆ ಸರಿಸಿದರು.
'ಕೂಡು. ಇನ್ನಾ ಎಂಬತ್ತೇಳು ಉಳದಾವ.
ಖಾಲಿ ಒಂದೇ ಇರ್ತದಂತ
ಯಾರು ಹೇಳ್ಯಾರ?'