ಹೆರಳಿಗೆ ತಂದ ಹೂ

ಆಳಂದ ಬಸ್‌ಸ್ಟ್ಯಾಂಡಿನ ಹಿಂದಿನ ಕಲ್ಯಾಣ ಮಂಟಪ,
ಮ್ಯಾಲಿನ ಖೋಲಿ, ನಸಿಕಿನ ನಾಕೂವರಿ.
ಮದಿಮಗಳದು ಮುಗಿಸಿ ಕೈ ಒರಸ್ಕೊಳ್ಳುದ್ರಾಗ
ಕಳಸಗಿತ್ತೀನ ತಂದು ನನ್ನ ಮುಂದ ಕುಂದ್ರಿಸಿದ್ರು.
ಜಗದೇವಿ. ಮದಿಮಗಳ ತಂಗಿ.
ಪೊಲೀಸ್ ಟ್ರೇನಿಂಗಿನಿಂದ ಮೂರು ದಿನದ ರಜಾ.
ಕೂದಲ ಕಿವಿ ಮುಟ್ಟಿ ವಾಪಸ್ ಹೋಗ್ಯಾವ.

"ನಾಕು ಮೊಳ ಮಲ್ಲಿಗಿ ತಂದೀವ್ರಿ," ಅಂದ್ರು ಕಕ್ಕಿ
ತೊಯ್ದ ಬಾಳಿ ಎಲಿ ಬಿಚ್ಚಿ,
"ಹೆರಳ ತುಂಬ ಏರಿಸ್ರಿ."
ಹೆರಳ ಎಲ್ಲದ ಕಕ್ಕಿ?

ಹದಿನೇಳು ವರ್ಷ ಆತು ಈ ಕೆಲಸಕ್ಕ.
ಮೊಣಕಾಲ ಮಟ ಬಂದ ಕೂದಲ ಹೆಣದೀನಿ,
ಹೇನು ಕಂಡೀನಿ, ಹೇಳಿಲ್ಲ,
ಉದುರಿದ ಜಾಗ ಕಂಡೀನಿ, ಮುಚ್ಚೀನಿ.
ಇಂಥಾ ತಲಿಯೊಂದು ಕನ್ನಡಿಯಾಗಿಂದ
ನನ್ನನ್ನೇ ನೆಟ್ಟಗ ನೋಡಿದ್ದು
ಇದೇ ಮೊದಲ.

ಹಣಿ ಮ್ಯಾಲ ಟೊಪಗಿ ಗೆರಿ.
ಕೆಳಗ ಬಿಸಲಿಗೆ ಕಂದಿದ ಮಾರಿ,
ಮ್ಯಾಲ ಎರಡು ಬಟ್ಟು ಊರಾಗಿನ ಬಣ್ಣ.
ಎರಡನ್ನೂ ಕೂಡಸಾಕ ಪೌಡರ್ ಒಪ್ಪಲಿಲ್ಲ.

ಅಷ್ಟರಾಗ ಆಯಿ ಬಂದಳು
ಹಳೇ ಪೇಪರಿನಾಗ ಚೌರಿ ಸುತ್ತಿಕೊಂಡು.
"ನಂದೇ ಕೂದಲ. ಉದುರಿದ್ದು ಉದುರಿದಂಗ
ಗ್ವಾಡಿ ಸಂದಿಯಾಗ ತುರುಕಿ ಇಟ್ಟಿದ್ದೆ.
ಪಿನ್ನು ಮಾರಾಕಿ ಎಷ್ಟ ಕೇಳಿದ್ರೂ ಕೊಡಲಿಲ್ಲ."
ಚೌರಿ ಇನ್ನೂ ಹರೇದಾಗ ಇತ್ತು, ಕರ್ರಗ.
ಅದರ ತಲಿ ಹಿಂಜಿದ ಹತ್ತಿ ಆಗಿ
ಬಾಗಲದಾಗ ನಿಂತಿತ್ತು.

ಕಟ್ಟಿ ನೋಡಿದೆ.
ಎರಡು ಬಟ್ಟು ಕೂದಲಕ್ಕ ಎರಡು ಮೊಳದ ಭಾರ.
ಜಗದೇವಿ ಹಿಂಗ ಕುತ್ತಿಗಿ ಹೊರಳಿಸಿದ್ದೇ ತಡ
ಶಾಬಾದಿ ಕಲ್ಲಿನ ಮ್ಯಾಲ ಪಿನ್ನು
ಟಿಣ್.
ಟಿಣ್.
ಚೌರಿ ನನ್ನ ಕೈಯಾಗ.
"ಪರೇಡಿನಾಗ ಹಿಂಗಾದ್ರ ಗ್ರೌಂಡ್ ಹತ್ತು ಸುತ್ತು,"
ಅಂದ್ಳು, ನಗಲಿಲ್ಲ.
ಮದಿಮಗಳೇ ನಕ್ಕು ನಕ್ಕು ಕಾಡಿಗಿ ಹರಿಸಿಕೊಂಡಳು.
ಮತ್ತ ಅದೂ ನನಗೇ ಕೆಲಸ.

ಕಡೀಕ ಮಾಡಿದ್ದು ಇಷ್ಟ.
ಹಣಗಿ ನೀರಾಗ ಅದ್ದಿ ಓರೆ ಬೈತಲಿ ತೆಗದೆ,
ಎಡಗಿವಿ ಮ್ಯಾಲಿಂದ ಒಂದು ಎಳಿ ತಿರುವಿ
ಹಿಂದಕ ಒಯ್ದೆ, ಅದರ ಬೆನ್ನಿಗೆ ಮತ್ತೊಂದು.
ಬಲಗಡಿ ಅದರ ಪಾಡಿಗೆ ಬಿಟ್ಟೆ.
ಬೈತಲಿ ಮಣಿ ಜಾರಿ ಹುಬ್ಬಿಗೆ ಬಂತು, ತೆಗದು ಇಟ್ಟೆ.
ಇಪ್ಪತ್ತೆರಡು ಪಿನ್ನು,
ಒಂದೂ ಹೊರಗ ಕಾಣದಂಗ.
ಕುತ್ತಿಗಿ ಹಿಂದ ಖಾಲಿ ಉಳೀತು,
ಅಲ್ಲೊಂದು ಮಚ್ಚಿ.
ಅವರವ್ವ ಬಗ್ಗಿ ನೋಡಿದಳು.
"ಹುಟ್ಟಿದಾಗ ಕಂಡಿದ್ದೆ," ಅಂದ್ಳು,
"ಮರತೇಬಿಟ್ಟಿದ್ದೆ."

"ಹೂವಿಗೇನ ಮಾಡೋದ್ರಿ ಮತ್ತ?" ಕಕ್ಕಿ ಬಿಡಲಿಲ್ಲ.
ಜಗದೇವಿ ಎದ್ದಳು,
ಹೆರಳಿಗೆ ತಂದ ನಾಕು ಮೊಳ
ಕಳಸದ ಕುತ್ತಿಗಿಗೆ ಸುತ್ತಿದಳು, ಸುತ್ತಿದಳು.
ತಾಮ್ರದ ಚೆಂಬು, ಐದು ಎಲಿ, ಮ್ಯಾಲ ಟೆಂಗಿನಕಾಯಿ.
ಅದಕ್ಕೂ ಅಷ್ಟೇ ಜುಟ್ಟು.
ಆಯಿ ಕಾಯಿ ನೋಡಿದಳು, ಮೊಮ್ಮಗಳನ್ನ ನೋಡಿದಳು,
ಏನೋ ಅನ್ನಾಕ ಹೋಗಿ
ಚೌರಿ ಮಡಚಿ ಸೆರಗಿನಾಗ ಗಂಟು ಹಾಕಿಕೊಂಡಳು.

ಅಕ್ಕಿಕಾಳು ಬಿದ್ದಾಗ ನಾ ಕೆಳಗ ಬಂದಿದ್ದೆ.
ಉದ್ದ ಹೆರಳಿನವರ ಮ್ಯಾಲಿಂದ ಜಾರಿ ಹೋದ ಅಕ್ಕಿ
ಆಕಿ ತಲಿಯಾಗ ಅಲ್ಲಲ್ಲೇ ನಿಂತಿತ್ತು,
ಹಳದಿ ಹಳದಿ.
ಕಳಸ ಮಾತ್ರ ಜರಾನೂ ಅಳ್ಳಾಡಲಿಲ್ಲ.
ನಿಲ್ಲಾಕ ಕಲಿಸ್ಯಾರ ಆಕಿಗೆ.

ರೊಕ್ಕ ಕೊಡುವಾಗ ಕಕ್ಕಿ ತಕರಾರ ತೆಗದ್ರು:
"ಕೂದಲಾನೇ ಇಲ್ಲ, ಮುನ್ನೂರು ಯಾತಕ್ಕ?"
ಇಲ್ಲದ ಕೂದಲಕ್ಕೇ ಕೈ ಭಾಳ ಹಿಡೀತದ್ರಿ, ಅಂದೆ.
ಇನ್ನೂರಾ ಐವತ್ತಕ್ಕ ಬಂತು ಮಾತು.

ಸಂಜಿಗೆ ಮನಿಯಾಗ ಡಬ್ಬಿ ಸುರುವಿ ಎಣಿಸಿದೆ.
ಹತ್ತೊಂಬತ್ತು.
ಕೆಳಗ ಬಿದ್ದದ್ದು ಎಲ್ಲಾ ಆರಿಸಿದ್ದೆ, ನೆನಪದ.
ಉಳಿದ ಮೂರು
ಈಗ ಕಲಬುರಗಿ ಬಸ್ಸಿನಾಗ ಇರಬೇಕು,
ಕಿಡಕಿ ಕಡಿ ಸೀಟು,
ಟೊಪಗಿ ಒಳಗ.