ಒಂದು ಗರಿ ಕಮ್ಮಿ

ಕೆಂಪು ಬಾಳೆಹಣ್ಣಿನ ಬುಟ್ಟಿ ಸೊಂಟಕ್ಕಿಟ್ಕೊಂಡು
ಕಮಲಾಪುರದ ಮುದುಕಿಯೊಬ್ಬಳು ಗೇಟಿಗೆ ಬಂದು ಕೇಳಿದಳು:
ಬೀದರಿಗೆ ಇಮಾನ ಎಷ್ಟೊತ್ತಿಗದ, ತಮ್ಮಾ?

ಟಿಕೇಟಿನ ಹುಡುಗ ಫೋನ್ ತೆರೆದು ಲೆಕ್ಕ ಹೇಳಿದ.
ನೆಟ್ಟಗ ಗೆರಿ ಎಳೆದ್ರ ಎಂಬತ್ತೇಳು ಕಿಲೋಮೀಟರ್,
ಹಾರಿದ್ರ ಬರೇ ಇಪ್ಪತ್ತು ಮಿನಿಟು.
ಆದ್ರ ಯಾರೂ ಹಾರೂದಿಲ್ಲಮ್ಮಾ.
ತೆಂಕಣ ಬೆಂಗಳೂರಿಗೆ ಹೋಗಿ, ಅಲ್ಲಿ ರಾತ್ರಿ ಕುಂತು,
ಮತ್ತ ಮ್ಯಾಲಕ್ಕ ಬರ್ಬೇಕು.

ಮುದುಕಿ ನಕ್ಕಳು.
ಅಂದ್ರ ಅಡಗಿ ಮನ್ಯಾಗಿಂದ ಪಡಸಾಲಿಗೆ ಬರ್ಲಾಕ
ಊರೆಲ್ಲ ಸುತ್ತಬೇಕೇನು?
ಹೊರಗ ಹೋಗಿ ಹುಮನಾಬಾದ ಬಸ್ಸಿಗೆ ಕೈ ಮಾಡಿದಳು.

ನಾ ಡ್ಯೂಟಿಗೆ ಹೋದೆ.
ಕಿಸೆದಾಗ ಪಟಾಕಿ, ಕೊರಳಾಗ ಸೀಟಿ,
ರನ್‌ವೇದ ಬಾಜೂಕ ಹಕ್ಕಿ ಓಡಿಸೂದು ನನ್ನ ನೌಕರಿ.
ಕೊಕ್ಕರಿ ಒಂದೇ ಮಾತಿಗೆ ಏಳ್ತದ.
ಟಿಟ್ಟಿಭ ಬೈಕೋತ ಏಳ್ತದ.
ಪಾರಿವಾಳಕ್ಕ ನಾಚಿಕಿಲ್ಲ.
ಹದ್ದಿಗೆ ಮಾತ್ರ ನಾನೇ ಒಂದು ಹಕ್ಕಿ ಅನ್ನೂಹಂಗ
ಮ್ಯಾಲಿಂದ ನೋಡ್ತದ.

ಆ ದಿನದ ಹದ್ದಿನ ಎಡ ರೆಕ್ಕ್ಯಾಗ ಒಂದು ಗರಿ ಇರಲಿಲ್ಲ,
ಹಲ್ಲು ಬಿದ್ದ ಕೂಸಿನ ಬಾಯಿಯಂಗ
ಅಷ್ಟೇ ಆಕಾಶ ಕಾಣ್ತಿತ್ತು.
ಎರಡು ಪಟಾಕಿ ಹಾರಿಸಿದೆ. ಹೋಯ್ತು.
ರಜಿಸ್ಟರಿನ್ಯಾಗ ಬರದೆ: ಹತ್ತೂ ಹತ್ತು. ಹದ್ದು. ಒಂದು. ಈಶಾನ್ಯ.
ಬರದ ಮ್ಯಾಲ ಹೊಳೀತು,
ಈಶಾನ್ಯ ಅಂದ್ರ ಬೀದರ.

ಬೀದರದಾಗ ಮೌಲಾಲಿ ಅದಾನ.
ಮೊದಲ ಇಲ್ಲೇ ನನ್ನ ಸಂಗಾಟ ಇದ್ದ,
ಈಗ ಅಲ್ಲಿಯ ಪಟ್ಟಿ ಮ್ಯಾಲ ಅದೇ ಸೀಟಿ, ಅದೇ ಪಟಾಕಿ.
ಫೋನ್ ಹಚ್ಚಿದೆ:
ಒಂದು ಗರಿ ಕಮ್ಮಿ ಇದ್ದದ್ದು ಹೊಂಟದ,
ಬಂದ್ರ ಟೈಮ್ ನೋಡು.
ಹುಚ್ಚ ಏನಲೇ, ಅಂದ. ಆದ್ರ ನೋಡ್ತೀನಿ ಅಂದ.

ಅಲ್ಲಿಯ ಟ್ರೇನಿಂಗ್ ಇಮಾನ ಒಮ್ಮೊಮ್ಮೆ
ನನ್ನ ಚಹಾ ಆರೂದ್ರೊಳಗ ಬಂದು, ತಿರುಗಿ, ಹೋಗ್ತಾವ.
ಇಳಿಯೂದಿಲ್ಲ.
ಆರುನೂರು ವರ್ಷದ ಹಿಂದ ಒಂದು ರಾಜಧಾನಿಯೇ
ಇಲ್ಲಿಂದ ಎದ್ದು ಅಲ್ಲಿಗೆ ಹೋಯ್ತಂತ,
ಗಾದಿ, ಖಜಾನಿ, ಅಡಗಿಯವರು, ಅಡಗಿಯವರ ಕೋಳಿ.
ಕೋಳಿ ಎಷ್ಟು ದಿನ ನಡೀತು
ಅಂತ ಯಾರೂ ಬರದಿಡಲಿಲ್ಲ.

ಒಂದು ದಿನ ಹೋಯ್ತು. ಎರಡು.
ಎಲ್ಲಿ ಕುಂತಿದ್ದೀತು?
ಮರಗುತ್ತಿ ಸುರಂಗದ ಮ್ಯಾಲೋ,
ತೊಗರಿ ಹೊಲದಾಗಿನ ಇಲಿ ಹಿಡೀಲಾಕೋ,
ಇಲ್ಲಾ ಮುದುಕಿಯ ಬಸ್ಸಿನ ನೆರಳಿನ ಬೆನ್ನು ಹತ್ತಿ
ಹಾದಿ ತಪ್ಪಿತೋ.

ಮೂರನೇ ದಿನ ಸಂಜಿಮುಂದ ಮೌಲಾಲಿ ಕೂಗಿದ:
ಭೀಮ್ಶಾ, ಬಂತು! ಲೈಟಿನ ಕಂಬದ ಮ್ಯಾಲ ಕುಂತದ.
ಎಡ ರೆಕ್ಕಿ ನೋಡಿದೇನು?
ಎಡಾನೋ ಬಲಾನೋ,
ನನ್ನ ಕಡಿ ಮಾರಿ ಮಾಡಿ ಕುಂತದಲೇ, ಹ್ಯಾಂಗ ಹೇಳ್ಲಿ?
ಓಡಿಸಿದೇನು?

ಅವ ಸುಮ್ಮನಾದ.
ಗಾಳಿ ಸಪ್ಪಳ ಕೇಳಿತು, ಅಲ್ಲಿಯದೋ ಇಲ್ಲಿಯದೋ.
ಸೀಟಿ ಕೋಲಿಗೆ ತೂಗ್ಹಾಕೀನಿ, ಅಂದ.
ಇವತ್ತ ಹೆಂಗೂ ಯಾವ ಇಮಾನೂ ಇಲ್ಲ.

ರಜಿಸ್ಟರಿನ್ಯಾಗ 'ತಲುಪಿದ್ದು' ಅನ್ನೂ ಖಾನೆ ಇಲ್ಲ.
ಪವಾರ ಸಾಹೇಬ್ರು ನೋಡಿದ್ರ ಬೈತಾರ,
ಅದಕ್ಕ ಅಂಚಿನ್ಯಾಗ ಪೆನ್ಸಿಲ್‌ಲೇ ಬರದೆ:
ಎರಡು ರಾತ್ರಿ, ಮೂರು ಹಗಲು. ಇರಬಹುದು.

ಈಗ ನನ್ನ ಬೇಲಿ ಮ್ಯಾಲ ಇನ್ನೊಂದು ಬಂದು ಕುಂತದ.
ಗರಿ ಎಲ್ಲಾ ಪೂರಾ ಅವ.
ಬಡಗಣ ಕಡಿಯಿಂದ ಬಂದಂಗದ.
ಪಟಾಕಿ ಹಚ್ಚೂ ಮೊದಲ
ಮೌಲಾಲಿಗೆ ಕೇಳ್ಬೇಕು,
ಇದು ನೀ ಓಡಿಸಿದ್ದೇನು?