ಐನೂರು ಕಿಲೋಮೀಟರು

ಕೊಯಮತ್ತೂರಿನಿಂದ ಡಬ್ಬಿ ಬಂದ ದಿನ
ಹಾಲೇಶ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಆಟೋದಲ್ಲಿ ಬಂದ.
ಬಿಚ್ಚಿದರೆ, ದುಂಡನೆ ಪ್ಲೇಟು, ಆರು ತಾಮ್ರದ ಬಿಲ್ಲೆ,
ನಡುವೆ ಎಳೆಬಿಸಿಲ ಬಣ್ಣದ ಸ್ಪ್ರಿಂಗು.
‘ಮುಟ್ಟಬೇಡ,’ ಅಂದೆ. ‘ಬೆಳಿಗ್ಗೆ ದೋಸೆ ತಿಂದ ಕೈ ಅದು.
ಬೆಣ್ಣೆ ಒಂದು ಬೆರಳಚ್ಚಿನಷ್ಟಿದ್ದರೂ ಸಾಕು,
ನೂರು ಕುದುರೆ ಅಲ್ಲೇ ಜಾರಿ ಬೀಳುತ್ತವೆ.’

ಫ್ಲೈವೀಲು ಹರಿಹರಕ್ಕೆ ಹೋಗಿ ಬಂತು.
ಫ್ಯಾಕ್ಟರಿ ಬಿಟ್ಟ ಮೇಲೂ ಲೇತು ಬಿಡದ
ರುದ್ರಾಚಾರರು ಒಬ್ಬರಿದ್ದಾರೆ ಅಲ್ಲಿ,
ಕೂದಲೆಳೆಯಲ್ಲಿ ಅರ್ಧ ಹೆರೆದು, ಉಗುರು ಎಳೆದು,
ಕಬ್ಬಿಣ ಏನು ಹೇಳುತ್ತೆ ಅಂತ ಕಿವಿಗೊಡುವವರು.

ಸ್ಪ್ಲೈನಿಗೆ ಗ್ರೀಸು, ಅಕ್ಕಿಕಾಳಿನಷ್ಟು.
ಬೋಲ್ಟು ಎದುರುಬದುರು, ಎದುರುಬದುರು,
ಒಂದೇ ಉಸಿರಿಗೆ ಬಿಗಿಯುವ ಹಾಗಿಲ್ಲ.
‘ಇನ್ನು ಐನೂರು ಕಿಲೋಮೀಟರು ಊರೊಳಗೇ ಓಡಿಸು,
ಮೆಲ್ಲಗೆ. ರೇಸು ಆಮೇಲೆ.’
ಅವನ ಮುಖ ನೋಡಬೇಕಿತ್ತು.

ನಾಲ್ಕನೇ ದಿನಕ್ಕೇ ಬಂದ. ‘ಆಯ್ತು ಇಮಾಮಣ್ಣ.’
ಮೀಟರು ನೋಡಿದೆ. ಐನೂರಾ ಹನ್ನೆರಡು.
ಟೈರು ನೋಡಿದೆ. ಹೊಸ ರಬ್ಬರಿನ ಮೀಸೆ
ಒಂದೂ ಉದುರಿಲ್ಲ.
ಹಿತ್ತಲಲ್ಲಿ ಜಾಕಿ ಕೊಟ್ಟು, ಐದನೇ ಗೇರು ಹಾಕಿ,
ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದರೆ
ಪಕ್ಕದಲ್ಲಿ ಮೊಬೈಲು ನೋಡುತ್ತ ಕೂತಿದ್ದಾನೆ
ಮಹಾರಾಯ, ಎರಡು ರಾತ್ರಿ!

ನಗು ಬಂತು. ಬೈಯಲಿಲ್ಲ.
ನಾನೂ ಆ ವಯಸ್ಸಲ್ಲಿ... ಅದಿರಲಿ.
‘ಲೋ, ಪ್ಲೇಟು ದೂರದ ಲೆಕ್ಕ ಇಡೋದಿಲ್ಲ.
ಎಷ್ಟು ಸಲ ಬಿಟ್ಟೆ, ಎಷ್ಟು ಸಲ ಹಿಡಿದೆ,
ಅದಕ್ಕೆ ಗೊತ್ತಿರೋದು ಅಷ್ಟೇ.’

ಕಳಿಸಿದೆ ತಂಗಿ ಖೈರುನ್ನೀಸಾಳ ಭಟ್ಟಿಗೆ.
ಹಿಂದಿನ ಸೀಟು ಕಿತ್ತ ಹಳೇ ಎಸ್ಟೀಮು,
ಮಂಡಕ್ಕಿ ಚೀಲ ಮೂರು ಹಿಡಿಯುತ್ತೆ, ತೂಕವೇ ಇಲ್ಲ.
ಬೆಳಗಿನ ಜಾವ ಹೊಗೆಯೊಳಗಿಂದ ಹೊರಟರೆ
ಅಂಗಡಿಯಿಂದ ಅಂಗಡಿಗೆ ನೂರು ಹೆಜ್ಜೆ.
ನಿಲ್ಲು. ಇಳಿಸು. ಹೊರಡು. ನಿಲ್ಲು.
ಮೊದಲ ವಾರ ಗಾಡಿಗೆ ಚಳಿಜ್ವರದ ನಡುಕ,
‘ಇದಕ್ಕೇನು ಮೈಮೇಲೆ ಬರ್ತದೇನಪ್ಪಾ?’ ಅಂದಳಂತೆ
ಮಿರ್ಚಿ ಕರಿಯುವ ಗಂಗಮ್ಮ.
ಪೆಡಲು ಕಲ್ಲು. ಸಂಜೆ ಎಡಮೊಣಕಾಲು ಹಿಡಿದುಕೊಂಡು
ಗ್ಯಾರೇಜಿಗೆ ಬಂದು ಕೂರುತ್ತಿದ್ದ.
ನನ್ನದೂ ಎಡಗಾಲೇ, ಮೂವತ್ತು ವರ್ಷದ್ದು.
ಒಂದೇ ಬಾಟಲಿಯ ಎಣ್ಣೆ ಹಚ್ಚಿಕೊಂಡೆವು.

ಹದಿನೆಂಟನೇ ದಿನವೋ ಇಪ್ಪತ್ತೋ, ನಡುಕ ಇರಲಿಲ್ಲ.
ಯಾವ ಅಂಗಡಿಯ ಮುಂದೆ ಬಿಟ್ಟುಹೋಯಿತೋ
ಅವನೂ ಗಮನಿಸಿರಲಿಲ್ಲ.

ದುರ್ಗದ ಕಡೆ ಮಣ್ಣಿನ ಟ್ರ್ಯಾಕಿಗೆ ಹೋಗಿದ್ದನಂತೆ ಭಾನುವಾರ.
ಏನಾಯಿತು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಮುಂದಿನ ಬಂಪರು ಅರ್ಧ ಇಲ್ಲ.

ನಿನ್ನೆ ರೈಲ್ವೆ ಗೇಟು ಹಾಕಿತ್ತು.
ಗೂಡ್ಸು, ಅದರ ಬೆನ್ನಿಗೆ ಇನ್ನೊಂದು ಗೂಡ್ಸು.
ಸಾಲಿನಲ್ಲಿ ಎಲ್ಲರೂ ಹಾಫ್ ಕ್ಲಚ್ಚಲ್ಲಿ ಇಂಚಿಂಚು ತೆವಳುತ್ತ,
ಸುಟ್ಟ ವಾಸನೆ ಮೂಗಿಗೆ ಅಡರುತ್ತಿತ್ತು,
ನನ್ನ ಹೊಟ್ಟೆಪಾಡು ಅದು, ದೂರುವ ಹಾಗಿಲ್ಲ.
ನಾಲ್ಕು ಗಾಡಿ ಮುಂದೆ ಎಸ್ಟೀಮು.
ಇಳಿದು ಹೋಗಿ ಇಣುಕಿದೆ.
ಎಂಜಿನ್ ಆಫ್. ಹ್ಯಾಂಡ್‌ಬ್ರೇಕು ಎಳೆದಿದೆ.
ಎಡಗಾಲು ಸೀಟಿನ ಮೇಲೆ ಮಡಚಿಟ್ಟು
ಪೊಟ್ಟಣದಿಂದ ಮಂಡಕ್ಕಿ ಮುಕ್ಕುತ್ತಿದ್ದಾನೆ.
ಕಾಗದವನ್ನು ನನ್ನ ಕಡೆ ಸರಿಸಿ,
‘ಮೆಣಸಿನಕಾಯಿ ಖಾರ ಐತೆ, ಹುಷಾರು,’ ಅಂದ.